ರೇಡಿಯೇಟರಿನ ಗುಳ್ಳೆಗಳು

ಇಂಜಿನ್ ಓಡುವಾಗ ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಎದ್ದರೆ ಇಂಜಿನ್ನಿನ ಮೇಲ್ಮುಚ್ಚಳ, ಅಂದರೆ ಹೆಡ್, ಬಿರಿದಿದೆ ಎಂದೇ ಲೆಕ್ಕ. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, ಭಾಲ್ಕಿಯ ನನ್ನ ಅಂಗಳದಲ್ಲಿ, ಈ ಡೀಸೆಲ್ ಲಾರಿಯ ಇಂಜಿನ್ ನಿಲ್ಲಿಸಿದ ಮೇಲೂ ಗುಳ್ಳೆ ಏಳುತ್ತಿತ್ತು. ಹೆಡ್ ಬಿಚ್ಚಿ ನೋಡಿದೆ, ಎಲ್ಲೂ ಬಿರುಕಿಲ್ಲ. ಮತ್ತೆ ಕೂಡಿಸಿ ಹೊಸ ನೀರು ಹೊಯ್ದೆ. ಮಟಮಟ ಮಧ್ಯಾಹ್ನದಲ್ಲೂ ಅದು ಬಾವಿಯ ತಳದ ನೀರಿನಂತೆ ಕೊರೆಯುತ್ತಿತ್ತು. ಗುಳ್ಳೆ ಮತ್ತೆ ಎದ್ದವು.

“ನೀವು ಮಾತಾಡಿದಾಗಷ್ಟೇ ಏಳ್ತಾವ ನೋಡ್ರಿ. ಸುಮ್ಮನಾದ್ರ ನಿಲ್ತಾವ,” ಎಂದ ನನ್ನ ಪಾಲುದಾರ ಧೊಂಡಿಬಾ.

ಲಾರಿ ಲಾಲ್‌ಮಿಯಾನದು. ಆ್ಯಕ್ಷನ್ನಿನ ಗಲಾಟೆಯ ದಿನ ಅಡಗಿಸುತ್ತೇನೆಂದು ಅವನನ್ನು ಹೊಲದ ಬಾವಿಗೆ ಇಳಿಸಿ, “ನಾ ಕರಿಯೋತನಕ ಮ್ಯಾಲ ಬರಬ್ಯಾಡ” ಎಂದವನು ನಾನು. ಆಮೇಲೆ ನಾನೂ ಧೊಂಡಿಬಾನೂ ಬಾವಿಯ ಬಾಯಿಗೆ ಚಪ್ಪಡಿ ಎಳೆದು ಲಾರಿ ತಂದೆವು.

ಲಾರಿ ಈಗಲೂ ಅಂಗಳದಲ್ಲಿದೆ. ನಾನು ಅವನನ್ನು ಇನ್ನೂ ಕರೆದಿಲ್ಲ.