ಮೇಜಿನ ಮೇಲೆ ನೀರಿನ ಹನಿ

ಪ್ರಥಮ ಬಹುಮಾನ ಪಡೆದ ಬೆತ್ತದ ಬುಟ್ಟಿ ಮಾಯವಾಗಿತ್ತು. ಕೆಂಪು ರಿಬ್ಬನ್ ಮಾತ್ರ ಮೇಜಿನ ಮೇಲೆ ಬಿದ್ದಿತ್ತು.

ಸುಗ್ಗಿ ಮೇಳದ ಕಾರ್ಯದರ್ಶಿ ಏದುಸಿರು ಬಿಡುತ್ತಾ ಬಂದಾಗ ಇನ್‌ಸ್ಪೆಕ್ಟರ್ ಮಗಳನ್ನು ಜಾರುಬಂಡೆ ಹತ್ತಿಸುತ್ತಿದ್ದಳು. ಅಂದು ಅವಳಿಗೆ ರಜೆ. ಗಂಡ, ಮಗಳು, ಅಪ್ಪ ಎಲ್ಲರೂ ಬಂದಿದ್ದರು. ಮಂಡಿನೋವೆಂದು ಅಪ್ಪ ಸ್ವಲ್ಪ ಹೊತ್ತಿನ ಹಿಂದೆ ಕಾರಿಗೆ ಮರಳಿದ್ದರು.

"ಮೇಡಂ, ನಿಮ್ಮ ತಾಯಿಯವರ ಬುಟ್ಟಿ ಕಳುವಾಗಿದೆ!"

ಅವಳಿಗೆ ಏನೂ ಅನ್ನಿಸಲಿಲ್ಲ. ಅಮ್ಮ ಹೋದಾಗಿನಿಂದ ಹೀಗೆಯೇ. ಅಳು ಬರಲಿಲ್ಲ, ಕೆಲಸ ಬಂತು. ಒಂದೇ ವಾರದಲ್ಲಿ ಅಮ್ಮನ ಕೋಣೆ ಖಾಲಿ ಮಾಡಿದ್ದಳು. ಅಮ್ಮ ಹೆಣೆದ ಕೊನೆಯ ಬುಟ್ಟಿಯನ್ನು ಅವರ ಹೆಸರಿನಲ್ಲೇ ಸ್ಪರ್ಧೆಗೆ ಕಳಿಸಿದ್ದೂ ಅವಳೇ.

*

ಕಾರ್ಯದರ್ಶಿ ಆಗಲೇ ಕಳ್ಳಿಯನ್ನು ಹಿಡಿದಾಗಿತ್ತು. ಎರಡನೇ ಬಹುಮಾನ ಪಡೆದ ಬುಟ್ಟಿಯಾಕೆ.

"ಬೆಳಿಗ್ಗೆ ತೀರ್ಪುಗಾರರ ಜೊತೆ ಜಗಳ ಆಡಿದ್ದು ಇವಳೇ. ಇನ್ಮೇಲೆ ಇವಳಿಗೆ ಮಳಿಗೆ ಕೊಡಲ್ಲ."

"ಮಳಿಗೆ ಹೋದ್ರೆ ನಾನು ಹೊಟ್ಟೆಗೆ ಏನ್ ಮಾಡ್ಲಿ?" ಎಂದಳು ಆಕೆ. "ಜಗಳ ಆಡಿದ್ದು ನಿಜ. ಕದ್ದಿಲ್ಲ."

ಇನ್‌ಸ್ಪೆಕ್ಟರ್ ಮೇಜಿನತ್ತ ಬಾಗಿದಳು. ಬಟ್ಟೆಯ ಮೇಲೆ ನೀರಿನ ಹನಿಗಳು. ನಡುವೆ ಬುಟ್ಟಿಯಗಲದ ಜಾಗ ಮಾತ್ರ ಒಣಗಿತ್ತು.

"ತರಕಾರಿಯವನ ನೀರು," ಎಂದ ಕಾರ್ಯದರ್ಶಿ.

ಪಕ್ಕದ ಮೇಜಿನ ತರಕಾರಿಯವನು ಅಲ್ಲವೆಂದು ತಲೆಯಾಡಿಸಿದ. "ನಾನು ಚಿಮುಕಿಸಿದ್ದು ಬೆಳಿಗ್ಗೆ. ನನ್ನ ಸೊಪ್ಪೇ ಬಾಡಿದೆ, ನೋಡಿ."

ಅಂದರೆ ನೀರು ಬಿದ್ದದ್ದು ಈಗಷ್ಟೇ, ಬುಟ್ಟಿ ಇನ್ನೂ ಅಲ್ಲಿದ್ದಾಗಲೇ.

"ಹೆಣೆದ ಬುಟ್ಟಿಗೆ ನೀರು ಚಿಮುಕಿಸ್ತೀರಾ?" ಇನ್‌ಸ್ಪೆಕ್ಟರ್ ಕೇಳಿದಳು.

ಬುಟ್ಟಿಯಾಕೆ ಕಣ್ಣರಳಿಸಿದಳು. "ಯಾರಾದ್ರೂ ಚಿಮುಕಿಸ್ತಾರಾ? ಹೆಣೆಯೋಕೆ ಮುಂಚೆ ಬೆತ್ತ ನೆನೆಸ್ತೀವಿ. ಆಮೇಲೆ ನೀರು ಬಿದ್ರೆ ಬೂಸಲು ಹಿಡಿಯುತ್ತೆ. ಕಸುಬು ಗೊತ್ತಿರೋರು ಆ ತಪ್ಪು ಮಾಡಲ್ಲ."

ಅಮ್ಮ ಮಾಡುತ್ತಿದ್ದರು. ಹೇಳಿಕೊಡುವವರಿಲ್ಲದೆ ತಾವೇ ಕಲಿತವರು. ಒಣಗಿದ ಬುಟ್ಟಿ ಎತ್ತಿದರೆ ಹಿಡಿ ಸೀಳುತ್ತದೆಂದು ಅವರ ಹಟ. ಮೊದಲು ನೀರು ಚಿಮುಕಿಸಿ, ಆಮೇಲೆಯೇ ಎತ್ತುತ್ತಿದ್ದರು. ಮನೆಯವರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ.

"ಬಹುಮಾನ ಬಂದ ಮೇಲೆ ಬುಟ್ಟಿ ಬಗ್ಗೆ ಯಾರಾದ್ರೂ ವಿಚಾರಿಸಿದ್ರಾ?"

ಕಾರ್ಯದರ್ಶಿ ತಡವರಿಸಿದ. "ನಿಮ್ಮ ತಂದೆಯವರು ಕೇಳಿದ್ರು, ಯಾವಾಗ ವಾಪಸ್ ಕೊಡ್ತೀರಿ ಅಂತ. ಮೊದಲನೇ ಬಹುಮಾನದ್ದು ನಮ್ಮ ಗಾಜಿನ ಕಪಾಟಿನಲ್ಲೇ ಉಳಿಯುತ್ತೆ ಅಂದೆ."

*

ಕಾರಿನ ಹಿಂದಿನ ಸೀಟಿನಲ್ಲಿ ಅಪ್ಪ ನೆಟ್ಟಗೆ ಕೂತಿದ್ದರು. ತೊಡೆಯ ಮೇಲೆ ಕೋಟು ಉಬ್ಬಿಕೊಂಡಿತ್ತು.

ಜೊತೆಗೆ ಬಂದಿದ್ದ ಕಾರ್ಯದರ್ಶಿ ಮತ್ತು ಬುಟ್ಟಿಯಾಕೆಯ ಎದುರಿಗೇ ಅವಳು ಹೇಳಿದಳು. "ಬುಟ್ಟಿ ತಗೊಂಡಿದ್ದು ನಮ್ಮಪ್ಪ. ಬೇರೆ ಕಳ್ಳರಾಗಿದ್ದರೆ ಕಿತ್ತುಕೊಂಡು ಓಡ್ತಿದ್ರು. ಇವರು ನೀರು ಚಿಮುಕಿಸಿ, ನಮ್ಮಮ್ಮನ ಥರಾನೇ ಎತ್ತಿದ್ದಾರೆ. ಈಕೆಯ ತಪ್ಪೇನೂ ಇಲ್ಲ. ಮಳಿಗೆ ಈಕೆಗೇ ಇರಲಿ, ಮೊದಲನೇ ಬಹುಮಾನಾನೂ ಈಕೆಗೇ ಕೊಡಿ."

ಕಾರ್ಯದರ್ಶಿ ತಲೆ ತಗ್ಗಿಸಿದ. ಬುಟ್ಟಿಯಾಕೆ ಅಪ್ಪನ ಮುಖ ನೋಡಿ ಕೈಮುಗಿದಳು. ಇಬ್ಬರೂ ಹೊರಟುಹೋದರು.

ಅವಳು ಅಪ್ಪನ ಪಕ್ಕ ಕೂತಳು.

"ಸ್ಪರ್ಧೆಗೆ ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ, ಅಪ್ಪ?"

"ನೀನು ಕೇಳಿದ್ಯಾ? ಅವಳ ಹಾಸಿಗೆ ಯಾರಿಗೋ ಕೊಟ್ಟೆ, ಬಟ್ಟೆ ಕೊಟ್ಟೆ. ಕೇಸ್ ಮುಗಿಸೋ ಹಾಗೆ ಎಲ್ಲಾ ಮುಗಿಸಿಬಿಟ್ಟೆ. ನಿನ್ನ ಮುಖ ನೋಡಿದ್ರೆ ಮಾತಾಡೋಕೇ ಭಯ ಆಗ್ತಿತ್ತು ಕಣಮ್ಮ."

ತಪ್ಪು ತನ್ನದೆಂದು ಅವಳಿಗೆ ಗೊತ್ತಾಯಿತು. ಆದರೂ ಎದೆಯೊಳಗೆ ಏನೂ ಅಲುಗಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

"ಇನ್ನೇನು ಬೇಕಿತ್ತು ನಿಮಗೆ? ಹೇಳಿ, ಹುಡುಕಿ ತರ್ತೀನಿ."

ಅಪ್ಪ ಕೋಟು ಸರಿಸಿ ಬುಟ್ಟಿಯ ಹಿಡಿ ಸವರಿದರು.

"ಅವಳ ಕನ್ನಡಕ."

ಎಂತೆಂಥ ಕಳ್ಳಮಾಲನ್ನು ಪತ್ತೆ ಮಾಡಿದವಳು ಅವಳು. ಆ ಕನ್ನಡಕ ಯಾರ ಕೈಗೆ ಕೊಟ್ಟಿದ್ದಳೋ, ಎಷ್ಟು ನೆನೆದರೂ ನೆನಪಿಗೆ ಬರಲಿಲ್ಲ.