ಸರದಾರನ ಬುತ್ತಿ

"ತಗೊಳ್ರಿ ನಿಮ್ಮ ಆಟಿಕಿ! ಮೂರು ದಿನ ಆತು, ನಮ್ಮ ನಾಯಿ ಒಂದು ತುತ್ತು ಮುಟ್ಟಿಲ್ಲ!"

ಸ್ಟೇಷನ್ ರಸ್ತೆಯ ಸಾಕುಪ್ರಾಣಿ ಸಾಮಾನಿನ ಅಂಗಡಿಯಲ್ಲಿ ಗಾಜಿನ ಮೇಜಿನ ಮೇಲೆ ಕೆಂಪು ರಬ್ಬರ್ ಆಟಿಕೆ ದಡ್ಡನೆ ಬಿತ್ತು. ನಾಯಿಗಳ ಬೆಲ್ಟು, ಬಟ್ಟಲು ಜೋಡಿಸುತ್ತಿದ್ದ ಸಿದ್ದಲಿಂಗೇಶ ತಲೆ ಎತ್ತಿದ. ಎದುರಿಗೆ ಕಣ್ಣು ಕೆಂಪಗಾದ ಹುಡುಗಿ. ದುಪಟ್ಟಾಕ್ಕೆ ಬಸ್ಸಿನ ಧೂಳು ಇನ್ನೂ ಅಂಟಿಕೊಂಡಿತ್ತು.

ಅಬ್ಬಾ, ಏನು ಸಿಟ್ಟು! ಅಂದುಕೊಂಡ. ಅದು ಸಿಟ್ಟಲ್ಲ, ತಡೆದುಕೊಂಡ ಅಳು ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

"ಏನಾತ್ರಿ?"

"ಒಳಗ ತಿನಿಸು ತುಂಬಿ ಕೊಡ್ರಿ, ನಾಯಿ ಉಳ್ಳಾಡಿಸಿ ತಗದು ತಿಂತೈತಿ, ಬ್ಯಾಸರ ಹೋಗ್ತೈತಿ ಅಂತ ನಿಮ್ಮ ಅಪ್ಪಾರು ಹೇಳಿ ಕೊಟ್ರು. ತಿನ್ನೂದು ದೂರ ಉಳೀತು. ಮುಂದ ಇಟ್ಕೊಂಡು ಸುಮ್ನ ಕುಂತೈತಿ! ಮೊದಲ ನಮ್ಮವ್ವನ ಕೈಯಿಂದ ಎರಡು ತುತ್ತರೆ ತಿಂತಿತ್ತು. ಈಗ ಅದೂ ಇಲ್ಲ."

ಸಿದ್ದಲಿಂಗೇಶ ನಕ್ಕುಬಿಟ್ಟ. "ಎಲ್ಲಾದ್ರಾಗೂ ಸುಲಭದ್ದು ಇದ ರೀ. ಇದನ್ನೂ ಬಿಡಿಸಾಕ ಬರಲಿಲ್ಲಂದ್ರ... ನಿಮ್ಮ ನಾಯಿಗೆ ಬುದ್ಧಿ ಸ್ವಲ್ಪ ಕಡಿಮಿ ಇರಬೇಕು."

ಗಿರಾಕಿಗಳ ಮುಂದೆ ದಿನಾ ಮಾಡುವ ತಮಾಷೆ ಅದು. ಆದರೆ ಆ ಹುಡುಗಿ, ಕಸ್ತೂರಿಯ ಎದೆಗೆ ನೆಟ್ಟಗೆ ನಾಟಿತು.

"ಬುದ್ಧಿ ಕಡಿಮಿ? ನಮ್ಮ ಸರದಾರ ಇನ್ನೂರು ಕುರಿ ಒಬ್ಬನ ಹೊಡಕೊಂಡು ಬರತಿದ್ದ! ಅಪ್ಪ ಸತ್ತು ನಾಕು ತಿಂಗಳಾತು. ಕುರಿ ಮಾರಿದ್ವಿ. ಕೆಲಸಿಲ್ಲದ ತನ್ನ ಕಾಲು ತಾನ ಕಡಕೊಂಡು ಹುಣ್ಣು ಮಾಡ್ಕೊಂಡಾನ. ಇವತ್ತ ಈ ಆಟಿಕಿ ತಗೊಂಡು ನಾ ಬಸ್ ಹತ್ತಿದ್ರ, ಕುಂಟಕೋತ ಊರ ಹೊರಗಿನ ತನಕ ಹಿಂದ ಓಡಿ ಬಂದ... ಅಷ್ಟು ಹಚ್ಚಿಕೊಂಡಾನ ನನ್ನ. ಅಪ್ಪ ಬಿಟ್ಟು ಹೋಗಿದ್ದು ಅವನೊಬ್ಬನ್ನ. ಅವನೂ ಹೋದ್ರ..."

ಆಟಿಕೆಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಆ ದಿನವೆಲ್ಲ ಸಿದ್ದಲಿಂಗೇಶನಿಗೆ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. 'ನಾಲಿಗೆಗೆ ಒಂದು ಲಗಾಮು ಬೇಡವೇ ನನಗೆ?' ಆ ಆಟಿಕೆಯ ಬಿಲ್ಲು ಹುಡುಕಿ ತೆಗೆದ. ಅದರ ಮೇಲೆ ಹೆಸರು, ಊರು ಎರಡನ್ನೂ ಅಪ್ಪ ಬರೆದಿದ್ದರು: ಕಸ್ತೂರಿ, ಬಿಜ್ಜರಗಿ.

ಮರುದಿನ ಬೆಳಿಗ್ಗೆ ಚೀಲದ ತುಂಬ ಆಟಿಕೆ ತುಂಬಿಕೊಂಡು, ತಿಕೋಟಾ ದಾಟಿ, ದ್ರಾಕ್ಷಿ ತೋಟಗಳ ನಡುವಿನ ದಾರಿ ಹಿಡಿದು ಅವನು ಬೈಕಿನಲ್ಲಿ ಬಿಜ್ಜರಗಿಗೆ ಬಂದ.

"ಬಾ ಯಪ್ಪಾ, ಒಳಗ ಬಾ," ಎಂದಳು ಕಸ್ತೂರಿಯ ತಾಯಿ ಬೋರವ್ವ.

ಕಸ್ತೂರಿ ಮುಖ ತಿರುಗಿಸಿದಳು. "ಬುದ್ಧಿ ಇದ್ದೋರು ಬಂದಾರ. ಚಾ ಇಡು ಯವ್ವಾ."

"ತಪ್ಪಾತ್ರಿ," ಅವನು ತಲೆ ತಗ್ಗಿಸಿದ. "ಅದನ್ನ ಹೇಳಾಕ ಬಂದೆ. ಇವನಿಗೆ ಹೊಂದೂವಂಥದ್ದು ಹುಡುಕಿ ಕೊಟ್ಟ ಹೋಗ್ತೀನಿ."

ಬೇವಿನ ಮರದ ಕೆಳಗೆ ಮಲಗಿದ್ದ ನಾಯಿಯ ಪಕ್ಕೆಲುಬುಗಳು ದೂರದಿಂದಲೇ ಕಾಣುತ್ತಿದ್ದವು. ಸಿದ್ದಲಿಂಗೇಶ ಅದರ ಮುಂದೆ ಮೂರು ಆಟಿಕೆ ಇಟ್ಟ. ಮುಚ್ಚಳ ಸರಿಸುವ ಹಲಗೆ, ತಿನಿಸು ಉದುರಿಸುವ ಚೆಂಡು, ಕೆಂಪು ರಬ್ಬರಿನದು. ಮೂರರಲ್ಲೂ ತಿನಿಸು ಇತ್ತು.

ಸರದಾರ ಎದ್ದಿತು. ಮೂಸಿತು. ಕೆಂಪು ಆಟಿಕೆಯನ್ನು ಮೆತ್ತಗೆ ಬಾಯಲ್ಲಿ ಹಿಡಿದು ಮುಂಗಾಲುಗಳ ನಡುವೆ ಇಟ್ಟುಕೊಂಡಿತು. ಆಮೇಲೆ ಕಿವಿ ನಿಮಿರಿಸಿ ದಾರಿಯ ಕಡೆ ನೋಡುತ್ತಾ ಕುಳಿತುಬಿಟ್ಟಿತು.

ಅವನು ಕೈ ಚಾಚಿದ. ಗುರ್ ಎಂದಿತು. ಬೋರವ್ವ ಚಾಚಿದರೂ ಗುರ್ ಎಂದಿತು.

"ಇದಕ್ಕ ತಗಿಯಾಕ ಬರವಲ್ಲದು ಅಂತಲ್ರಿ..." ಅವನು ನಿಧಾನವಾಗಿ ಹೇಳಿದ. "ಕಾಯಾಕತ್ತೈತಿ. ಅವ್ವಾರ, ಅಡವ್ಯಾಗ ಯಜಮಾನ್ರ ಜೋಡಿ ಇದ್ದಾಗ ಇದು ಹ್ಯಾಂಗ ಉಣತಿತ್ತು?"

ಬೋರವ್ವ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ಬುತ್ತಿ ಕಾಯತಿತ್ತಪಾ. ರೊಟ್ಟಿ ಗಂಟು ಇದರ ಮುಂದ ಇಟ್ಟು ಅವರು ಕುರಿ ಹಿಂದ ಹೋಗಾವ್ರು. ಹೊಟ್ಟಿ ಎಷ್ಟ ಹಸಿಲಿ, ಬಾಯಿ ಹಚ್ಚತಿದ್ದಿಲ್ಲ. ಅವರು ಬಂದು, ಗಂಟು ಬಿಚ್ಚಿ, ತಾವು ಉಂಡು, 'ನಾ ಉಂಡೆ, ಇನ್ನ ನೀ ಉಣ್ಣು' ಅಂದ ಮ್ಯಾಲ ಇದರ ಊಟ. ಅವರು ಕಾಖಂಡಕಿ ಹೊಲದಾಗ ಎದಿ ಹಿಡಕೊಂಡು ಬಿದ್ದ ದಿನ... ಗಂಟು ಬಿಚ್ಚಿದ್ದಿಲ್ಲಪಾ. ಮಂದಿ ಅವರನ್ನ ಹೊತ್ಕೊಂಡು ಬಂದ್ರು. ಇದು ಮರುದಿನ ಸಂಜಿತನಕ ಬುತ್ತಿ ಮುಂದ ಕುಂತಿತ್ತಂತ."

ಕಸ್ತೂರಿ ಗೋಡೆಗೆ ಒರಗಿದಳು.

ಅಪ್ಪನ ಜೊತೆ ಅವಳು ಅಡವಿಗೆ ಹೋದವಳಲ್ಲ. ತಿಕೋಟಾದ ಟೇಲರ್ ಅಂಗಡಿಯಲ್ಲಿ ಹೊಲಿಗೆ ಕಲಿಯುತ್ತಾ ದಿನ ಕಳೆದವಳು. 'ಹಾಗಾದರೆ ನಿನ್ನೆ ಬಸ್ಸಿನ ಹಿಂದೆ ಓಡಿ ಬಂದದ್ದು ನನಗಾಗಿ ಅಲ್ಲ! ಅಪ್ಪನ ಬುತ್ತಿಯನ್ನು ಯಾರೋ ಒಯ್ಯುತ್ತಿದ್ದಾರೆ ಅಂತ...'

ನಾಲ್ಕು ತಿಂಗಳು ಅವ್ವನಿಗೆ ಧೈರ್ಯ ಹೇಳಲಿಕ್ಕೆಂದು ನುಂಗಿಕೊಂಡಿದ್ದ ಅಳು ಅಂಗಳದಲ್ಲೇ ಒಡೆಯಿತು. ಅವಳು ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸಿದ್ದಲಿಂಗೇಶ ಅವಳಿಂದ ಒಂದು ಮಾರು ದೂರದಲ್ಲಿ ಮಣ್ಣಿನ ಮೇಲೆಯೇ ಕುಳಿತ. ಅವಳ ಅಳು ತಗ್ಗಿದ ಮೇಲೆ ಮೆಲ್ಲಗೆ ಹೇಳಿದ:

"ಯಜಮಾನ್ರು ಹೇಳತಿದ್ದ ಆ ಮಾತು ಈಗ ನೀವು ಹೇಳಬೇಕ್ರಿ."

"ನನ್ನ ಕಡಿಂದ ಆಗೂದಿಲ್ಲ... ನಾ ಹೇಳಿದ್ರ, ಅಪ್ಪ ಇನ್ನ ಬರೂದಿಲ್ಲಂತ ನಾನ ಹೇಳಿದಂಗ ಆಗ್ತೈತಿ!"

ಅವನು ಒತ್ತಾಯ ಮಾಡಲಿಲ್ಲ. ಬಿಸಿಲು ಬೇವಿನ ನೆರಳನ್ನು ದಾಟಿ ನಾಯಿಯ ಬೆನ್ನಿಗೆ ಬಂತು. ಅದು ಜಾಗ ಬಿಟ್ಟು ಕದಲಲಿಲ್ಲ.

ಕೊನೆಗೆ ಕಸ್ತೂರಿ ಎದ್ದು ಒಳಗಿನಿಂದ ಒಂದು ಜೋಳದ ರೊಟ್ಟಿ ತಂದಳು. ಸರದಾರನ ಎದುರು ಕುಳಿತು ಒಂದು ತುಣುಕು ಮುರಿದು ಬಾಯಿಗಿಟ್ಟಳು. ಹೇಗೋ ನುಂಗಿದಳು.

"ಸರದಾರ... ನಾ ಉಂಡೆ. ಇನ್ನ ನೀ ಉಣ್ಣು."

ನಾಯಿ ಅವಳ ಮುಖವನ್ನೇ ನೋಡಿತು. ದಾರಿಯ ಕಡೆ ಇನ್ನೊಮ್ಮೆ ನೋಡಿತು. ಆಮೇಲೆ ತಲೆ ತಗ್ಗಿಸಿ, ಕೆಂಪು ಆಟಿಕೆಯನ್ನು ಕಾಲಿನಿಂದ ಒಂದೇ ಸಲ ಹೊರಳಿಸಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಳಗಿನದನ್ನೆಲ್ಲ ಖಾಲಿ ಮಾಡಿತು. ಬುದ್ಧಿ ಕಡಿಮೆ ಅಂದವನ ಎದುರೇ!

ಸಿದ್ದಲಿಂಗೇಶ ಕಣ್ಣೊರೆಸಿಕೊಂಡ. "ಮುಚ್ಚಿದ್ದು ಯಾವ್ದೂ ಬ್ಯಾಡ್ರಿ ಇವನಿಗೆ. ಮುಚ್ಚಿದ್ದೆಲ್ಲ ಇವನಿಗೆ ಬುತ್ತಿನ. ಹರಡಿದ್ದನ್ನ ಮೂಸಿ ಹುಡುಕೂವಂಥದ್ದು ಬೇಕು. ಹಳೇ ಬಟ್ಟಿ ಪಟ್ಟಿ ಪಟ್ಟಿ ಕತ್ತರಿಸಿ ಮಾಡ್ಬೋದು."

ಬೋರವ್ವ ಒಳಗೆ ಹೋಗಿ ಗಂಡ ಗುರಣ್ಣನ ಹಳೆಯ ಕಂಬಳಿ ತಂದಳು. ಜೊತೆಗೆ ಕತ್ತರಿ. ಕಸ್ತೂರಿಯ ಮುಖ ಬಿಳಿಚಿತು. ಅವಳು ಕಂಬಳಿಯ ಅಂಚನ್ನು ಹಿಡಿದುಕೊಂಡಳು.

ಅವನು ಅವಳ ಮುಖ ನೋಡಿದ. ಕತ್ತರಿಯನ್ನು ಪಕ್ಕಕ್ಕೆ ಸರಿಸಿದ.

"ಕತ್ತರಿ ಹಚ್ಚೂದು ಬ್ಯಾಡ್ರಿ. ಮಡಚಿದ್ರ ಸಾಕು."

ಕಂಬಳಿಯನ್ನು ಮಡಚಿ, ಮಡಿಕೆ ಮಡಿಕೆಯಲ್ಲಿ ರೊಟ್ಟಿ ಚೂರು ಉದುರಿಸಿದ. ಸರದಾರ ಮೂಗು ತೂರಿಸಿತು. ಅದಕ್ಕೆ ಚೂರು ಸಿಕ್ಕಿತು, ಗುರಣ್ಣನ ಬೆವರಿನ ವಾಸನೆಯೂ ಸಿಕ್ಕಿತು. ಬಹಳ ಹೊತ್ತು ಅದು ಮುಖ ಹೊರಗೆ ತೆಗೆಯಲಿಲ್ಲ. ಕಸ್ತೂರಿ ಮಾತ್ರ ಆ ಕಂಬಳಿ ಮಡಚಿದ ಕೈಗಳನ್ನೇ ನೋಡುತ್ತಿದ್ದಳು.

ಅಂದಿನಿಂದ ಪ್ರತಿ ಸೋಮವಾರ ಅವನ ಬೈಕು ಬರತೊಡಗಿತು. ಹುಣ್ಣು ನೋಡಾಕ, ಅನ್ನುತ್ತಿದ್ದ. ಹುಣ್ಣು ಮಾಗಿ ಕೂದಲು ಬಂದರೂ ನೋಡುತ್ತಲೇ ಇದ್ದ!

ಒಂದು ಸೋಮವಾರ ಬೋರವ್ವ ಇಬ್ಬರಿಗೂ ತಾಟು ಇಟ್ಟು ಹೊಲಕ್ಕೆ ಹೋದಳು. ಕಸ್ತೂರಿ ನೆಲ ನೋಡುತ್ತಾ ಹೇಳಿದಳು:

"ಕಾಲು ವಾಸಿ ಆಗೇತಿ. ಕನಿಕರಕ್ಕಂತ ಬರೂದಿದ್ರ... ಇನ್ನ ಬರಬ್ಯಾಡ್ರಿ."

"ಕನಿಕರ?" ಅವನು ತಾಟು ಮುಟ್ಟಲಿಲ್ಲ. "ಜೀವನಪೂರ್ತಿ ನಿಮ್ಮ ಜೋಡಿ ಕುಂತು ಉಣಬೇಕಂತ ಬರತೀನಿ, ಕಸ್ತೂರಿ."

ಅವಳು ತಲೆ ಎತ್ತಿದಳು. "ಕುರಿ ಕಾಯೋರ ಮಗಳು ನಾ... ನಿಮ್ಮ ಮನ್ಯಾಗ?"

"ಅಪ್ಪಗ ಹೇಳೇನಿ. ಸಿಟ್ಟಾಗ್ಯಾರ. ತಿಂಗಳಾತು, ನನ್ನ ಜೋಡಿ ಮಾತಾಡಿಲ್ಲ." ಅವನ ದನಿ ಒಡೆಯಿತು. "ಅವರು ಒಪ್ಪೂತನಕ ಕಾಯತೀನಿ. ನಿಮಗ ಬ್ಯಾಡಾಗಿದ್ರ ಹೇಳ್ರಿ, ಉಣ್ಣದ ಎದ್ದು ಹೋಗ್ತೀನಿ."

'ಅಪ್ಪಾ... ನೀನಿದ್ದಿದ್ದರೆ ಏನನ್ನುತ್ತಿದ್ದೆ?' ಅವಳು ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟಳು. ಕಣ್ಣೀರು ತಾಟಿಗೆ ಬಿತ್ತು.

"ನಾ ಉಂಡೆ... ಇನ್ನ ನೀ ಉಣ್ಣು."

ಬಾಗಿಲಲ್ಲಿ ಕಂಬಳಿಯ ಮೇಲೆ ಮಲಗಿದ್ದ ಸರದಾರ ಆ ಮಾತಿಗೆ ಥಟ್ಟನೆ ತಲೆ ಎತ್ತಿತು. ದಾರಿಯ ಕಡೆ ನೋಡಿತು. ಯಾರೂ ಇರಲಿಲ್ಲ. ಎದ್ದು ಬಂದು ಇಬ್ಬರ ನಡುವೆ ಕುಳಿತಿತು.

"ತನಗ ಅಂದಿ ಅಂತ ತಿಳಕೊಂಡಾನ," ಎಂದ ಸಿದ್ದಲಿಂಗೇಶ, ತುತ್ತು ಕೈಯಲ್ಲೇ ಹಿಡಿದು.

"ತಿಳಕೊಳ್ಳಿ ಬಿಡು," ಎಂದಳು ಕಸ್ತೂರಿ, ತನ್ನ ತಾಟಿನ ರೊಟ್ಟಿ ಮುರಿಯುತ್ತಾ. "ಮೊದಲ ಅದು ಅವನಿಗ ಅಂದ ಮಾತು."