ಹಸಿರು ಟಿಕ್

"ಇವರು ಸಂಜೆ ವಾಕ್ ಮುಗಿಸಿಬಿಟ್ರಾ?" ಮೇಡಂ ಕೇಳಿದರು.

ಗೋಡೆ ಗಡಿಯಾರದಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ.

ನರ್ಸಕ್ಕ ಬೀರುವಿಗೆ ಅಂಟಿಸಿದ್ದ ಚಾರ್ಟ್ ನೋಡಿದಳು. ಮಂಚದ ಮೇಲಿದ್ದ ದೊಡ್ಡಮ್ಮ ತಮ್ಮ ಕಾಲು ನೋಡಿಕೊಂಡರು. ಬಾಗಿಲ ಹಿಂದಿದ್ದ ಗಡಿಬಿಡಿ ನೆಲ ನೋಡಿದಳು.

ಗಡಿಬಿಡಿಗೆ ಒಂದು ಒಳ್ಳೆಯ ಹೆಸರಿತ್ತು, ಸ್ಕೂಲ್ ರಿಜಿಸ್ಟರಿನಲ್ಲಿ. ಮನೆಯಲ್ಲಿ ಅದನ್ನು ಪೂರ್ತಿ ಕರೆಯುವಷ್ಟು ಹೊತ್ತು ಅವಳು ನಿಲ್ಲುತ್ತಿರಲಿಲ್ಲ.

ದೊಡ್ಡಮ್ಮ ಅಮ್ಮನ ಅಕ್ಕ. ಮೂವತ್ತು ವರ್ಷ ಗಣಿತ ಕಲಿಸಿದವರು. ಹೋದ ವರ್ಷ ಸ್ಟ್ರೋಕ್ ಆಗಿ ಎಡಗೈ, ಎಡಗಾಲಿಗೆ ಶಕ್ತಿ ಇಲ್ಲದಂತಾಯಿತು. "ನನ್ನ ಮಾತು ಕೇಳದವರು ಅಂದ್ರೆ ಇವೆರಡೇ" ಎನ್ನುತ್ತಿದ್ದರು. ಹಗಲು ಅಮ್ಮ ಕೆಲಸಕ್ಕೆ ಹೋಗುವುದರಿಂದ ದೊಡ್ಡಮ್ಮನನ್ನು ನೋಡಿಕೊಳ್ಳಲು ನರ್ಸಕ್ಕ ಬರುತ್ತಿದ್ದಳು. ಅವಳನ್ನು ಕಳಿಸುವ ಆಫೀಸಿನವರು ಈ ಮೇಡಂ. ತಿಂಗಳಿಗೊಮ್ಮೆ ಬಂದು ಎಲ್ಲ ಸರಿಯಾಗಿದೆಯಾ ಎಂದು ನೋಡುತ್ತಿದ್ದರು.

ಚಾರ್ಟಿನಲ್ಲಿ ದಿನಕ್ಕೆ ಹದಿನಾಲ್ಕು ಚೌಕ. ಸ್ನಾನ, ಮಾತ್ರೆ, ನೀರು, ವಾಕ್. "ಕೈ ಒದ್ದೆ ಇದೆ, ನೀನೇ ಟಿಕ್ ಹಾಕಮ್ಮ" ಎಂದು ನರ್ಸಕ್ಕ ಒಂದು ದಿನ ಹೇಳಿದ್ದೇ ತಡ, ಆ ಕೆಲಸ ಗಡಿಬಿಡಿಯದಾಯಿತು. ನಿನ್ನೆ ರಜೆ ಶುರುವಾಗಿತ್ತು. ನಿನ್ನೆಯೂ ಇವತ್ತೂ ಅವಳು ಬೆಳಿಗ್ಗೆಯೇ ಹದಿನಾಲ್ಕಕ್ಕೂ ಹಸಿರು ಸ್ಕೆಚ್ ಪೆನ್ನಿನಲ್ಲಿ ಟಿಕ್ ಹಾಕಿದ್ದಳು. ಹೇಗೂ ಆಗುವ ಕೆಲಸಗಳೇ ತಾನೆ? ಆಟಕ್ಕೆ ಹೊತ್ತಾಗುತ್ತಿತ್ತು.

ಮೇಡಂ ಮಾತ್ರೆ ಡಬ್ಬಿ ತೆರೆದರು. ನಿನ್ನೆ ಮಧ್ಯಾಹ್ನದ ಬಿ.ಪಿ. ಮಾತ್ರೆ ಅದರ ಖಾನೆಯಲ್ಲೇ ಕೂತಿತ್ತು.

"ಇದಕ್ಕೂ ಟಿಕ್ ಇದೆ."

"ಇವರ ತಂಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ರು. ಟಿಕ್ ಇತ್ತಲ್ಲ, ಅವರೇ ಕೊಟ್ಟಿದ್ದಾರೆ ಅಂದ್ಕೊಂಡೆ" ಎಂದಳು ನರ್ಸಕ್ಕ.

ಮೇಡಂ ಅಮ್ಮನಿಗೆ ಫೋನ್ ಮಾಡಿದರು. ಟಿಕ್ ಇತ್ತಲ್ಲ, ನರ್ಸಕ್ಕ ಕೊಟ್ಟಿದ್ದಾಳೆ ಅಂದುಕೊಂಡೆ ಎಂದರು ಅಮ್ಮ.

"ನಿಮಗಾದ್ರೂ ಗೊತ್ತಾಗ್ಲಿಲ್ವಾ?" ಮೇಡಂ ದೊಡ್ಡಮ್ಮನ ಕಡೆ ತಿರುಗಿದರು.

"ನನಗೆ ನೆನಪಿರ್ಲಿಲ್ಲ. ಚಾರ್ಟ್ ನೋಡಿದೆ, ಅದರ ಪ್ರಕಾರ ತಗೊಂಡಿದ್ದೆ" ಎಂದರು ದೊಡ್ಡಮ್ಮ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ. ನಾವು ಮೂವರೂ ಸೇರಿ ಕಟ್ಟಿದ್ವಿ."

ನಿನ್ನೆ ಸಂಜೆ ಬಾತ್‌ರೂಮಿಗೆ ಹೋಗುವಾಗ ದೊಡ್ಡಮ್ಮನಿಗೆ ತಲೆ ತಿರುಗಿತ್ತು. ನರ್ಸಕ್ಕ ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದರು. ಅದು ಈ ಮಾತ್ರೆ ತಪ್ಪಿದ್ದಕ್ಕೇ ಇರಬಹುದು ಎಂದು ಗಡಿಬಿಡಿಗೆ ಈಗ ಹೊಳೆಯಿತು.

"ಮಾಡದ ಕೆಲಸಕ್ಕೆ ಟಿಕ್ ಹಾಕೋರನ್ನ ನಾವು ಇಟ್ಕೊಳ್ಳಲ್ಲ" ಎಂದರು ಮೇಡಂ. "ನಾಳೆಯಿಂದ ಬೇರೆಯವರು ಬರ್ತಾರೆ."

ನರ್ಸಕ್ಕ ಒಮ್ಮೆ ಬಾಗಿಲ ಕಡೆ ನೋಡಿದಳು. ಯಾರ ಹೆಸರನ್ನೂ ಹೇಳಲಿಲ್ಲ. ತನ್ನ ಟಿಫಿನ್ ಡಬ್ಬಿಯನ್ನು ಬ್ಯಾಗಿಗೆ ತುರುಕತೊಡಗಿದಳು.

ಗಡಿಬಿಡಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಆದರೆ ಬಾಗಿಲ ಹಿಂದಿನಿಂದ ಈಚೆ ಬಂದಳು.

"ಟಿಕ್ ನಂದು."

"ಯಾರದು?" ಮೇಡಂ ಬಾಗಿಲ ಕಡೆ ತಿರುಗಿದರು.

"ಹಸಿರು ಇರೋದೆಲ್ಲ ನಂದು."

"ಎಲ್ಲಾ ಹಸಿರೇ ಇದೆ."

"ಹೂಂ." ಗಡಿಬಿಡಿಗೆ ಅಳು ತಡೆಯಲಾಗಲಿಲ್ಲ. "ನರ್ಸಕ್ಕನ್ನ ಕಳಿಸ್ಬೇಡಿ ಮೇಡಂ. ನಿನ್ನೆ ದೊಡ್ಡಮ್ಮನ್ನ ಹಿಡ್ಕೊಂಡಿದ್ದು ಅವಳೇ."

"ನಂದೂ ತಪ್ಪಿದೆ" ಎಂದಳು ನರ್ಸಕ್ಕ. "ಪೆನ್ನು ಅವಳ ಕೈಗೆ ಕೊಟ್ಟೆ. ಡಬ್ಬಿ ತೆಗ್ದು ನೋಡ್ಲಿಲ್ಲ."

ಮೇಡಂ ದೊಡ್ಡಮ್ಮನ ಬಿ.ಪಿ. ನೋಡಿದರು, ಡಾಕ್ಟರಿಗೆ ಫೋನ್ ಮಾಡಿದರು. ಹಳೆಯ ಚಾರ್ಟ್ ಕಿತ್ತು ಹೊಸದನ್ನು ಅಂಟಿಸಿದರು.

"ಕೊಟ್ಟವರೇ ಬರೀಬೇಕು, ಟೈಮ್ ಸಮೇತ. ಇನ್ನೊಂದು ತಿಂಗಳು ನೋಡ್ತೀನಿ" ಎಂದು ಹೋದರು.

ಮಧ್ಯಾಹ್ನ ಮಾತ್ರೆಯ ಹೊತ್ತಿಗೆ ದೊಡ್ಡಮ್ಮನನ್ನು ಎಬ್ಬಿಸಿ ಕೂರಿಸಬೇಕಿತ್ತು. ಗಡಿಬಿಡಿ ತಾನೂ ಬೆನ್ನಿಗೆ ಕೈ ಕೊಟ್ಟಳು.

"ಅಬ್ಬಾ! ಇಷ್ಟು ಭಾರ ಇದ್ದೀಯಾ ದೊಡ್ಡಮ್ಮ?"

"ನಿನ್ನೆ ಇನ್ನೂ ಜಾಸ್ತಿ ಇದ್ದೆ. ಬೀಳ್ತಿದ್ನಲ್ಲ."

ಗಡಿಬಿಡಿ ನರ್ಸಕ್ಕನ ಕೈ ನೋಡಿದಳು. ಸಣ್ಣ ಕೈ. ಮೊಣಕೈ ಹತ್ತಿರ ನಿನ್ನೆ ಗೋಡೆಗೆ ಬಡಿದು ನೀಲಿಗಟ್ಟಿತ್ತು. ಅದರ ಬಗ್ಗೆ ಅವಳು ಯಾರ ಹತ್ತಿರವೂ ಹೇಳಿರಲಿಲ್ಲ.

ದೊಡ್ಡಮ್ಮ ಮಾತ್ರೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ನೀರು ಕುಡಿದರು. ಅವರು ನುಂಗುವವರೆಗೂ ಗಡಿಬಿಡಿ ಬೆನ್ನಿನಿಂದ ಕೈ ತೆಗೆಯಲಿಲ್ಲ.